‘ತಕ್ಕದ್ದು’ ಮತ್ತು ‘ಉಚಿತ’: ರಾಷ್ಟ್ರಗಳ ಪರಿಸರ ಒಪ್ಪಂದಗಳ ಒಂದು ಓದು

ಬಸದಿಯೊಂದರ ನ್ಯಾಸಪತ್ರವನ್ನು ಓದಿದವರಿಗೆ ‘ತಕ್ಕದ್ದು’ ಎಂಬ ಪದದ ಪರಿಚಯ ಚೆನ್ನಾಗಿಯೇ ಇರುತ್ತದೆ. ಧರ್ಮದರ್ಶಿಗಳು ವರ್ಷಕ್ಕೊಮ್ಮೆ ಲೆಕ್ಕಪತ್ರ ಒಪ್ಪಿಸತಕ್ಕದ್ದು, ಸ್ಥಿರಾಸ್ತಿಯನ್ನು ಪರಭಾರೆ ಮಾಡತಕ್ಕದ್ದಲ್ಲ ಎಂಬಂಥ ವಾಕ್ಯಗಳಲ್ಲಿ ಅದು ಬರುತ್ತದೆ. ಮಾತಿನ ಕನ್ನಡದಲ್ಲಿ ಯಾರೂ ಹಾಗೆ ನುಡಿಯುವುದಿಲ್ಲ. ಕಿವಿಗೆ ಅದು ಒರಟು. ಆದರೆ ಆ ಸ್ಥಳದಲ್ಲಿ ‘ಲೆಕ್ಕ ಒಪ್ಪಿಸುವುದು ಉಚಿತ’ ಎಂದು ಬರೆದುಬಿಟ್ಟರೆ ವಾಕ್ಯ ಮೃದುವಾಗುತ್ತದೆ, ನ್ಯಾಸಪತ್ರ ಮಾತ್ರ ಉಳಿಯುವುದಿಲ್ಲ. ಲೆಕ್ಕ ಕೊಡದವನನ್ನು ಕೇಳುವ ಅಧಿಕಾರ ಆ ಒಂದು ಪದದೊಡನೆಯೇ ಹೊರಟುಹೋಗುತ್ತದೆ.

ರಾಷ್ಟ್ರರಾಷ್ಟ್ರಗಳ ನಡುವೆ ಆಗುವ ಪರಿಸರ ಒಪ್ಪಂದಗಳ ಭವಿತವ್ಯವೂ ಹಲವು ಬಾರಿ ಇಂಥ ಒಂದು ಪದವನ್ನೇ ಆಶ್ರಯಿಸಿರುತ್ತದೆ. 2015ರ ಡಿಸೆಂಬರ್ 12ರ ಸಂಜೆ ಪ್ಯಾರಿಸ್ ನಗರದ ಹೊರವಲಯದ ಸಭಾಭವನದಲ್ಲಿ ಪ್ರಪಂಚದ ಬಹುತೇಕ ಎಲ್ಲ ರಾಷ್ಟ್ರಗಳ ಪ್ರತಿನಿಧಿಗಳು ಹವಾಮಾನ ಒಪ್ಪಂದದ ಅಂತಿಮ ಪಾಠವನ್ನು ಕೈಯಲ್ಲಿ ಹಿಡಿದು ಕುಳಿತಿದ್ದರು. ಸಭೆ ಆರಂಭವಾಗಬೇಕಾದ ಹೊತ್ತು ಮೀರಿತ್ತು. ನಾಲ್ಕನೆಯ ಅನುಚ್ಛೇದದ ನಾಲ್ಕನೆಯ ಉಪವಾಕ್ಯದಲ್ಲಿ, ಮುಂದುವರಿದ ರಾಷ್ಟ್ರಗಳು ತಮ್ಮ ಇಡೀ ಅರ್ಥವ್ಯವಸ್ಥೆಗೆ ಅನ್ವಯಿಸುವಂತೆ ಅನಿಲಗಳ ಹೊರಸೂಸುವಿಕೆಯನ್ನು ಕಡಿತಗೊಳಿಸುವ ಗುರಿಯನ್ನು ಕೈಗೊಂಡು ಮುಂದಾಳುತನ ವಹಿಸತಕ್ಕದ್ದು ಎಂಬ ಅರ್ಥದ ಮಾತು ಅಚ್ಚಾಗಿತ್ತು. ಅದೇ ವಾಕ್ಯದ ಉತ್ತರಾರ್ಧದಲ್ಲಿ ಬಡ ರಾಷ್ಟ್ರಗಳ ಬಗ್ಗೆ ಬಳಸಿದ್ದ ಪದ ಮೃದುವಾದುದು: ಅವು ಪ್ರಯತ್ನವನ್ನು ಹೆಚ್ಚಿಸುವುದು ಉಚಿತ. ಅಮೆರಿಕದ ನಿಯೋಗ ‘ತಕ್ಕದ್ದು’ ಎಂಬ ಪದವನ್ನು ಕಂಡು ಬೆಚ್ಚಿತು. ಆ ಪದ ಉಳಿದರೆ ಒಪ್ಪಂದವನ್ನು ತಮ್ಮ ದೇಶದ ಸೆನೆಟ್ ಸಭೆಯ ಮುಂದೆ ಇಡಬೇಕಾಗುತ್ತದೆ. ಅಲ್ಲಿ ಮೂರನೆಯ ಎರಡು ಭಾಗದ ಬಹುಮತ ಬೇಕು. ಅದು ದೊರೆಯುವ ಆಸೆಯಿಲ್ಲ. ಹಿಂದೆ 1997ರಲ್ಲಿ, ಬಡ ರಾಷ್ಟ್ರಗಳಿಗೆ ಹೊಣೆಯಿಲ್ಲದ ಹವಾಮಾನ ಒಪ್ಪಂದಕ್ಕೆ ಸಹಿ ಬೇಡವೆಂದು ಅದೇ ಸೆನೆಟ್ 95 ಮತಗಳಿಂದ, ಒಂದೂ ವಿರೋಧವಿಲ್ಲದೆ ನಿರ್ಣಯಿಸಿತ್ತು. ಕೊನೆಗೆ ಆದದ್ದಿಷ್ಟು: ಕಾರ್ಯಾಲಯದ ಅಧಿಕಾರಿಯೊಬ್ಬರು ಅಚ್ಚಿನ ದೋಷಗಳ ತಿದ್ದುಪಡಿಗಳನ್ನು ಓದುತ್ತ, ಸಣ್ಣಪುಟ್ಟ ತಿದ್ದುಪಡಿಗಳ ನಡುವೆ ಇದನ್ನೂ ಓದಿದರು. ‘ತಕ್ಕದ್ದು’ ಹೋಗಿ ‘ಉಚಿತ’ ಬಂದಿತು. ಸಭಾಧ್ಯಕ್ಷರು ಸುತ್ತಿಗೆಯನ್ನು ತಟ್ಟಿದರು. ಸಭಿಕರು ಎದ್ದುನಿಂತು ಚಪ್ಪಾಳೆಯಿಟ್ಟರು.

ಮನುಕುಲದ ಒಂದು ಮಹತ್ತರ ಪ್ರತಿಜ್ಞೆಯ ತಿರುಳನ್ನು ಅಚ್ಚಿನ ತಪ್ಪೆಂದು ತಿದ್ದಿದ ಈ ಪ್ರಸಂಗವನ್ನು ಕೆಲವರು ರಾಜನೀತಿಯ ಚಾತುರ್ಯವೆಂದು ಹೊಗಳುತ್ತಾರೆ. ಆ ಪದ ಬದಲಾಗದಿದ್ದರೆ ಒಪ್ಪಂದವೇ ಆಗುತ್ತಿರಲಿಲ್ಲ ಎಂಬ ಅವರ ಮಾತನ್ನು ನಾನು ಅಲ್ಲಗಳೆಯಲಾರೆ. ಆದರೆ ಇಂಥ ಪಾಠಗಳನ್ನು ಸಾಹಿತ್ಯಕೃತಿಯನ್ನು ಓದುವಷ್ಟೇ ಎಚ್ಚರದಿಂದ, ಕರ್ತೃಪದ ಯಾವುದು, ಕ್ರಿಯಾಪದ ಯಾವುದು ಎಂದು ನೋಡುತ್ತ ಓದುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ. ವರ್ತಮಾನಪತ್ರಿಕೆಗಳು ಸಮ್ಮೇಳನದ ಛಾಯಾಚಿತ್ರಗಳನ್ನು ಅಚ್ಚುಹಾಕುತ್ತವೆ; ಪಾಠವನ್ನು ಅಚ್ಚುಹಾಕುವುದಿಲ್ಲ.

ಓದುವುದಕ್ಕೆ ಒಂದು ಅಳತೆಗೋಲು ಬೇಕಷ್ಟೆ. ಅದನ್ನು ದೂರದಿಂದ ತರಬೇಕಾಗಿಲ್ಲ. ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನ ನಮ್ಮ ವಾಚಕರಿಗೆ ವಿದಿತವೇ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ಕಲಹವನ್ನು ಇತ್ಯರ್ಥಪಡಿಸಿದ ಆ ಶಾಸನವನ್ನು ಮತಸಾಮರಸ್ಯದ ದಾಖಲೆಯೆಂದು ಸಭೆಗಳಲ್ಲಿ ಕೊಂಡಾಡುವುದು ವಾಡಿಕೆ. ಅದರ ನಿಜವಾದ ಗಟ್ಟಿತನ ಇರುವುದು ಸಾಮರಸ್ಯದ ಮಾತಿನಲ್ಲಲ್ಲ, ವಿವರದಲ್ಲಿ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ. ಆ ಹಣದಿಂದ ಬೆಳಗೊಳದಲ್ಲಿ ರಕ್ಷಣೆಗೆ ಇಪ್ಪತ್ತು ಆಳು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ. ನಡೆಸುವ ಹೊಣೆ ತಿರುಮಲೆಯ ತಾತಯ್ಯನದು. ಮೀರಿದವನು ರಾಜದ್ರೋಹಿ, ಸಂಘದ್ರೋಹಿ. ಯಾರು, ಎಷ್ಟು, ಯಾರ ಕೈಯಿಂದ, ಮೀರಿದರೆ ಏನು ಎಂಬ ನಾಲ್ಕು ಪ್ರಶ್ನೆಗಳಿಗೂ ಕಲ್ಲಿನ ಮೇಲೆ ಉತ್ತರವಿದೆ. ಇಪ್ಪತ್ತನೆಯ ಶತಮಾನದ ಪರಿಸರ ಒಪ್ಪಂದಗಳಿಗೆ ಇದೇ ನಾಲ್ಕು ಪ್ರಶ್ನೆಗಳನ್ನು ಕೇಳಿದಾಗ ದೊರೆಯುವ ಫಲ ವಿಚಿತ್ರವಾಗಿದೆ. ಯಾವ ಪಾಠದಲ್ಲಿ ಭಾಷೆ ಉದಾತ್ತವೋ ಅಲ್ಲಿ ಕಟ್ಟು ಸಡಿಲ. ಯಾವುದರಲ್ಲಿ ಕಟ್ಟು ಬಿಗಿಯೋ ಅದರ ಭಾಷೆ ಅಂಗಡಿಯ ಪಟ್ಟಿಯಂತೆ ನೀರಸ.

ಉದಾತ್ತವಾದುದನ್ನೇ ಮೊದಲು ನೋಡೋಣ. 1972ರ ಜೂನ್ ತಿಂಗಳಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ಮಾನವ ಪರಿಸರ ಸಮ್ಮೇಳನದ ಘೋಷಣೆ ಇಂದಿಗೂ ಓದಲು ಯೋಗ್ಯವಾದುದು. ಆತಿಥೇಯ ಸ್ವೀಡನ್ನಿನ ಪ್ರಧಾನಿಯನ್ನು ಬಿಟ್ಟರೆ ಅಲ್ಲಿಗೆ ಹೋದ ಏಕೈಕ ಸರ್ಕಾರದ ಮುಖ್ಯಸ್ಥರು ಶ್ರೀಮತಿ ಇಂದಿರಾ ಗಾಂಧಿಯವರು. ಹತ್ತು ವರ್ಷಗಳ ಅನಂತರ, 1982ರ ಅಕ್ಟೋಬರಿನಲ್ಲಿ, ವಿಶ್ವಸಂಸ್ಥೆಯ ಮಹಾಸಭೆ ‘ಪ್ರಕೃತಿಯ ವಿಶ್ವಸನದು’ ಎಂದು ಕರೆಯಬಹುದಾದ ನಿರ್ಣಯವನ್ನು 111 ಮತಗಳಿಂದ ಅಂಗೀಕರಿಸಿತು. 18 ರಾಷ್ಟ್ರಗಳು ತಟಸ್ಥ. ವಿರೋಧಿಸಿದ್ದು ಅಮೆರಿಕ ಮಾತ್ರ. ಪ್ರತಿಯೊಂದು ಜೀವರೂಪವೂ ಅನನ್ಯವಾದುದು, ಮನುಷ್ಯನಿಗೆ ಅದರಿಂದ ಪ್ರಯೋಜನವಿರಲಿ ಇಲ್ಲದಿರಲಿ ಅದು ಗೌರವಕ್ಕೆ ಪಾತ್ರ ಎಂಬ ಆಶಯವನ್ನು ರಾಷ್ಟ್ರಗಳ ಸಭೆಯೊಂದು ಬರವಣಿಗೆಗೆ ಇಳಿಸಿದುದನ್ನು ನಮ್ಮ ಸಮಾಜದವರು ಓದಿದರೆ ರೋಮಾಂಚನವಾಗುವುದು ಸಹಜ. ಇದರಲ್ಲಿ ‘ತಕ್ಕದ್ದು’ ಕೂಡ ಹೇರಳವಾಗಿ ಬರುತ್ತದೆ. ಪ್ರಕೃತಿಯು ಗೌರವಿಸಲ್ಪಡತಕ್ಕದ್ದು, ಅದರ ಮೂಲಭೂತ ವ್ಯಾಪಾರಗಳು ಕೆಡಿಸಲ್ಪಡತಕ್ಕದ್ದಲ್ಲ. ಯಾರಿಂದ? ಕರ್ಮಣಿಪ್ರಯೋಗದ ಆ ವಾಕ್ಯದಲ್ಲಿ ಕರ್ತೃ ಕಾಣುವುದಿಲ್ಲ. ಕರ್ತೃವಿಲ್ಲದ ಆಜ್ಞೆ ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ. ಅದು ನಿರ್ಣಯವೇ ಹೊರತು ಕರಾರಲ್ಲವಾದುದರಿಂದ ತಟ್ಟಬೇಕಾಗಿಯೂ ಇರಲಿಲ್ಲ. ಸನದಿಗೆ ಮತ ಹಾಕಿದ 111 ರಾಷ್ಟ್ರಗಳಲ್ಲಿ ಯಾವುದೂ ಮರುದಿನ ಬೆಳಿಗ್ಗೆ ಬೇರೆ ರೀತಿಯಲ್ಲಿ ಏಳಬೇಕಾದ ಪ್ರಸಂಗ ಬರಲಿಲ್ಲ.

ಇದಕ್ಕೆ ಪ್ರತಿಯಾಗಿ, ಭಾಷೆ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ತಿಮಿಂಗಿಲಗಳ ಬೇಟೆಯನ್ನು ಕುರಿತ 1946ರ ಒಡಂಬಡಿಕೆಯ ಇತಿಹಾಸವನ್ನು ನೋಡಬೇಕು. ಅದರ ಪೀಠಿಕೆಯಲ್ಲಿ ತಿಮಿಂಗಿಲ ಒಂದು ಪ್ರಾಣಿಯಲ್ಲ, ‘ಸಂಪನ್ಮೂಲ’. ಅವುಗಳ ಕುಲವೊಂದು ಕುಲವಲ್ಲ, ‘ದಾಸ್ತಾನು’. ಬೇಟೆಯ ಮಿತಿಯನ್ನು ಎಣಿಸುತ್ತಿದ್ದ ಮಾನವೆಂದರೆ ‘ನೀಲಿ ತಿಮಿಂಗಿಲ ಏಕಕ’. ಒಂದು ನೀಲಿ ತಿಮಿಂಗಿಲಕ್ಕೆ ಎರಡು ಫಿನ್ ತಿಮಿಂಗಿಲ ಸಮ, ಎರಡೂವರೆ ಗೂನುಬೆನ್ನಿನ ತಿಮಿಂಗಿಲ ಸಮ, ಆರು ಸೇ ತಿಮಿಂಗಿಲ ಸಮ. ಸಮವೆಂದರೆ ಯಾವುದರಲ್ಲಿ? ಕುದಿಸಿದಾಗ ಬರುವ ಎಣ್ಣೆಯಲ್ಲಿ. ಅಂಟಾರ್ಕ್ಟಿಕ ಸಾಗರಕ್ಕೆ ಮೊದಲು ಗೊತ್ತುಪಡಿಸಿದ ಮಿತಿ 16,000 ಏಕಕಗಳು. ಕೊಲ್ಲುವವನಿಗೆ ಒಂದು ಪ್ರಾಣಿಯಲ್ಲಿಯೇ ಒಂದು ಏಕಕ ಸಿಗುವುದಾದರೆ ಆರನ್ನು ಏಕೆ ಅಟ್ಟಿಕೊಂಡು ಹೋದಾನು? ಆದುದರಿಂದ ಎಲ್ಲಕ್ಕಿಂತ ದೊಡ್ಡದೂ ಆಗಲೇ ಕ್ಷೀಣಿಸಿದುದೂ ಆದ ನೀಲಿ ತಿಮಿಂಗಿಲದ ಮೇಲೆಯೇ ಭಲ್ಲೆಗಳು ಬಿದ್ದವು. ಅದು ಮುಗಿಯುತ್ತ ಬಂದ ಹಾಗೆ ಫಿನ್, ಅನಂತರ ಸೇ. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಗೋಳಾರ್ಧದ ಸಾಗರಗಳಲ್ಲಿ ಹತವಾದ ನೀಲಿ ತಿಮಿಂಗಿಲಗಳು ಮೂರು ಲಕ್ಷಕ್ಕೂ ಮಿಕ್ಕಿವೆ. ಈ ಏಕಕವನ್ನು ಕೈಬಿಟ್ಟದ್ದು 1972ರಲ್ಲಿ. ಎರಡೂವರೆ ತಿಮಿಂಗಿಲ! ಅರ್ಧ ಜೀವವೆಂಬ ಕಲ್ಪನೆ ಲೆಕ್ಕದ ಪುಸ್ತಕದಲ್ಲಿ ಮಾತ್ರ ಸಾಧ್ಯ.

ಹಾಗಿದ್ದರೂ ಇದೇ ಒಡಂಬಡಿಕೆಯ ಆಯೋಗ 1982ರಲ್ಲಿ ವಾಣಿಜ್ಯದ ಬೇಟೆಗೆ ಶೂನ್ಯದ ಮಿತಿಯನ್ನು ವಿಧಿಸಿತು. 1986ರ ವೇಳೆಗೆ ಅದು ಜಾರಿಗೆ ಬಂದಿತು. ಕರುಣೆಯ ಒಂದು ಪದವನ್ನೂ ಅರಿಯದ ಪಾಠ, ಸಂಖ್ಯೆಯನ್ನು ಬಲ್ಲದ್ದಾದುದರಿಂದ, ಆ ಸಂಖ್ಯೆಯನ್ನು ಸೊನ್ನೆಗೆ ಇಳಿಸಬಲ್ಲದ್ದಾಯಿತು. ಸಂಶೋಧನೆಯ ಹೆಸರಿನಲ್ಲಿ ಜಪಾನ್ ಬೇಟೆಯನ್ನು ಮುಂದುವರಿಸಿತು, ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ 2014ರಲ್ಲಿ ಅಂಟಾರ್ಕ್ಟಿಕದ ಆ ಬೇಟೆ ಸಂಶೋಧನೆಗಾಗಿ ನಡೆದುದಲ್ಲವೆಂದು ತೀರ್ಪಿತ್ತಿತು, 2019ರಲ್ಲಿ ಜಪಾನ್ ಆಯೋಗವನ್ನೇ ತೊರೆಯಿತು. ಮೀರಿದರೆ ಏನು ಎಂಬ ನಾಲ್ಕನೆಯ ಪ್ರಶ್ನೆಗೆ ಈ ಪಾಠದಲ್ಲಿ ಉತ್ತರ ದುರ್ಬಲ.

ನಾಲ್ಕು ಪ್ರಶ್ನೆಗಳಿಗೂ ಉತ್ತರ ಹೇಳುವ ಪಾಠ ಒಂದಿದೆ. ಅದು ಓಜೋನ್ ಪದರದ ರಕ್ಷಣೆಗಾಗಿ 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ ಆದ ಪ್ರೋಟೊಕಾಲ್. ಶೈತ್ಯಪೆಟ್ಟಿಗೆಗಳಲ್ಲಿ, ತುಂತುರು ಡಬ್ಬಿಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೂರೋಕಾರ್ಬನ್ ಅನಿಲಗಳು ಮೇಲಣ ವಾಯುಮಂಡಲಕ್ಕೆ ಏರಿ ಓಜೋನನ್ನು ನಾಶಮಾಡಬಲ್ಲವೆಂದು ಮೊಲೀನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ಎಚ್ಚರಿಸಿದ್ದರು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ದಕ್ಷಿಣ ಧ್ರುವದ ಮೇಲೆ ಓಜೋನ್ ಕುಗ್ಗಿಹೋಗಿರುವುದನ್ನು ಅಳೆದು ತೋರಿಸಿದರು. ಅಪಾಯ ಅತಿನೇರಳೆ ಕಿರಣದ್ದು. ಚರ್ಮ, ಕಣ್ಣು, ಪೈರು, ಸಮುದ್ರದ ಸೂಕ್ಷ್ಮಜೀವಿಗಳು ಎಲ್ಲವೂ ಅದರ ಗುರಿಯೇ.

ಪ್ರೋಟೊಕಾಲಿನ ಪಾಠವನ್ನು ಓದಲು ಕುಳಿತವರಿಗೆ ರೋಮಾಂಚನವೇನೂ ಆಗುವುದಿಲ್ಲ. ಐದು ಅನಿಲಗಳ ಹೆಸರು. ಅವುಗಳ ಬಳಕೆಯನ್ನು 1986ರ ಮಟ್ಟಕ್ಕೆ ತಡೆಹಿಡಿದು ಶತಮಾನದ ಕೊನೆಯ ಹೊತ್ತಿಗೆ ಅರ್ಧಕ್ಕೆ ಇಳಿಸತಕ್ಕದ್ದೆಂಬ ಆಜ್ಞೆ. ‘ಬಳಕೆ’ ಎಂದರೆ ಉತ್ಪಾದನೆಗೆ ಆಮದನ್ನು ಕೂಡಿಸಿ ರಫ್ತನ್ನು ಕಳೆದದ್ದು ಎಂಬ ಗುಮಾಸ್ತನ ವ್ಯಾಖ್ಯೆ. ಪ್ರತಿ ವಾಕ್ಯಕ್ಕೂ ಕರ್ತೃವಿದೆ: ‘ಪ್ರತಿಯೊಂದು ಪಕ್ಷವೂ’. ಇನ್ನೊಂದು ಅನುಚ್ಛೇದ, ಈ ಪ್ರೋಟೊಕಾಲನ್ನು ಒಪ್ಪದ ರಾಷ್ಟ್ರದೊಡನೆ ಈ ಅನಿಲಗಳ ವ್ಯಾಪಾರವನ್ನು ಮಾಡತಕ್ಕದ್ದಲ್ಲ ಎನ್ನುತ್ತದೆ. ಹೊರಗೆ ನಿಂತು ಲಾಭ ಮಾಡಿಕೊಳ್ಳುವ ದಾರಿಯನ್ನು ಅದು ಮುಚ್ಚಿತು. ಪ್ರೋಟೊಕಾಲಿನಿಂದ ಹೊರಹೋಗಲು ಬಾಗಿಲು ಇದೆ. ಇದುವರೆಗೆ ಯಾವ ರಾಷ್ಟ್ರವೂ ಅದನ್ನು ತೆರೆದಿಲ್ಲ.

ಆದರೆ 1987ರ ಆ ಪಾಠದಲ್ಲಿಯೂ ಒಂದು ಅನ್ಯಾಯವಿತ್ತು. ಅದನ್ನು ಎತ್ತಿ ಹೇಳಿದವರಲ್ಲಿ ನಮ್ಮ ದೇಶವೂ ಒಂದು. ತಲೆಗೆ ವರ್ಷಕ್ಕೆ 0.3 ಕಿಲೋಗ್ರಾಮಿಗಿಂತ ಕಡಿಮೆ ಬಳಸುವ ಬಡ ರಾಷ್ಟ್ರಗಳಿಗೆ ಹತ್ತು ವರ್ಷಗಳ ಹೆಚ್ಚಿನ ಕಾಲಾವಕಾಶವನ್ನೇನೋ ಕೊಟ್ಟಿದ್ದರು. ಆ ಹತ್ತು ವರ್ಷಗಳು ಕಳೆದ ಮೇಲೆ? ಬದಲಿ ಅನಿಲಗಳ ತಂತ್ರಜ್ಞಾನ ಪಶ್ಚಿಮದ ಕಂಪನಿಗಳ ಕೈಯಲ್ಲಿ. ಅದನ್ನು ಕೊಳ್ಳುವ ಹಣ ಎಲ್ಲಿಂದ? ತೂತು ಮಾಡಿದವರು ಒಬ್ಬರು, ತೇಪೆಯ ಬೆಲೆ ತೆರುವವರು ಇನ್ನೊಬ್ಬರು ಎಂಬ ವ್ಯವಸ್ಥೆಗೆ ಭಾರತವೂ ಚೀನವೂ ಸಹಿ ಹಾಕಲಿಲ್ಲ. 1990ರ ಜೂನಿನಲ್ಲಿ ಲಂಡನ್ನಿನ ಸಭೆಗೆ ಅಂದಿನ ಪರಿಸರ ಸಚಿವೆ ಶ್ರೀಮತಿ ಮೇನಕಾ ಗಾಂಧಿಯವರು ಹೋಗಿ ಇದೇ ವಾದವನ್ನು ಹಿಡಿದು ನಿಂತರು. ಅಲ್ಲಿ ಹುಟ್ಟಿದ್ದು ಬಹುಪಕ್ಷೀಯ ನಿಧಿ. ಮೂರು ವರ್ಷಗಳಿಗೆ 160 ಮಿಲಿಯನ್ ಡಾಲರ್; ಭಾರತ ಮತ್ತು ಚೀನ ಸೇರಿದರೆ 240 ಮಿಲಿಯನ್. ನಿಧಿಯನ್ನು ನಡೆಸುವ ಸಮಿತಿಯಲ್ಲಿ ಹದಿನಾಲ್ಕು ಸದಸ್ಯರು, ಏಳು ಶ್ರೀಮಂತ ರಾಷ್ಟ್ರಗಳವರು, ಏಳು ಬಡ ರಾಷ್ಟ್ರಗಳವರು. ಕೊಡುವವನ ಕೈ ಮೇಲಾಗದಂತೆ ನೋಡಿಕೊಂಡ ಈ ಏರ್ಪಾಟು ದಾನದ ಮೀಮಾಂಸೆ ಬಲ್ಲವರು ಗಮನಿಸಬೇಕಾದುದು. 1992ರ ಜೂನಿನಲ್ಲಿ ಭಾರತ ಸೇರಿತು. 2008ರ ಆಗಸ್ಟಿನಲ್ಲಿ, ಶ್ವಾಸರೋಗಿಗಳ ಔಷಧಿಯ ಡಬ್ಬಿಗಳಿಗೆ ಬೇಕಾದಷ್ಟನ್ನು ಬಿಟ್ಟು, ನಮ್ಮ ದೇಶದಲ್ಲಿ ಕ್ಲೋರೋಫ್ಲೂರೋಕಾರ್ಬನ್‌ಗಳ ಉತ್ಪಾದನೆ ನಿಂತಿತು. ಅವಧಿಗಿಂತ ಮೊದಲೇ ನಿಂತಿತೆಂಬುದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ.

ಅತಿಚಾರವಾದಾಗ ಏನಾಯಿತು? 2018ರಲ್ಲಿ ವಿಜ್ಞಾನಿಗಳು ಒಂದು ಆಶ್ಚರ್ಯವನ್ನು ಪ್ರಕಟಿಸಿದರು. ಪ್ರಪಂಚದಲ್ಲೆಲ್ಲೂ ಉತ್ಪಾದನೆಯಿಲ್ಲವೆಂದು ಎಲ್ಲ ರಾಷ್ಟ್ರಗಳೂ ಲೆಕ್ಕ ಕೊಟ್ಟಿದ್ದ ಒಂದು ಅನಿಲ, ಸಿ.ಎಫ್.ಸಿ.-11, 2012ರ ತರುವಾಯ ವರ್ಷಕ್ಕೆ ಸುಮಾರು 13,000 ಟನ್ನಿನಷ್ಟು ಹೆಚ್ಚಾಗಿ ಗಾಳಿಗೆ ಸೇರುತ್ತಿದೆ. ಕೊರಿಯ ಮತ್ತು ಜಪಾನಿನ ದ್ವೀಪಗಳ ವೀಕ್ಷಣಾಲಯಗಳು ಗಾಳಿ ಬೀಸಿದ ದಿಕ್ಕನ್ನು ಹಿಡಿದು ಹಿಂದಕ್ಕೆ ಹೋದಾಗ ಹೆಚ್ಚಳದ ಬಹುಭಾಗ ಪೂರ್ವ ಚೀನದ ಎರಡು ಪ್ರಾಂತಗಳ ಕಡೆಯಿಂದ ಬರುತ್ತಿರುವುದು 2019ರಲ್ಲಿ ಗೊತ್ತಾಯಿತು. ಕಾಗದದ ಲೆಕ್ಕ ಸುಳ್ಳು ಹೇಳಿತು, ಗಾಳಿ ಹೇಳಲಿಲ್ಲ. ಚೀನ ತಪಾಸಣೆಯನ್ನು ಬಿಗಿಗೊಳಿಸಿತು, ಹೊರಸೂಸುವಿಕೆ ತಗ್ಗಿತು. ಆಲೋಚನೆ, ಪ್ರತಿಕ್ರಮಣಗಳ ಪರಿಭಾಷೆಯಲ್ಲಿ ಬೆಳೆದ ನಮಗೆ ಇಲ್ಲಿ ಒಂದು ಸೂಕ್ಷ್ಮ ಕಾಣಬೇಕು. ದೋಷವನ್ನು ತಾನಾಗಿ ಒಪ್ಪಿಕೊಂಡವರಾರೂ ಇಲ್ಲ. ದೋಷ ಕಾಣುವಂತೆ ವ್ರತವನ್ನು ಮೊದಲೇ ಸಂಖ್ಯೆಯಲ್ಲಿ ಬರೆದಿದ್ದರು, ಅಷ್ಟೆ. ಓಜೋನ್ ಪದರ ಈಗ ಮೆಲ್ಲನೆ ಚೇತರಿಸಿಕೊಳ್ಳುತ್ತಿದೆ. 2023ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಪ್ರಕಟವಾದ ಅಂದಾಜಿನಂತೆ ಪ್ರಪಂಚದ ಬಹುಭಾಗದಲ್ಲಿ 2040ರ ಸುಮಾರಿಗೆ, ದಕ್ಷಿಣ ಧ್ರುವದ ಮೇಲೆ 2066ರ ಸುಮಾರಿಗೆ ಅದು 1980ರ ಸ್ಥಿತಿಗೆ ಮರಳಬಹುದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದುದಲ್ಲ. ಓಜೋನಿನ ಕೆಲಸ ಸುಲಭವಾಗಿತ್ತು, ಕೆಲವೇ ಕಾರ್ಖಾನೆಗಳು, ಕೆಲವೇ ಅನಿಲಗಳು, ಬದಲಿ ವಸ್ತುಗಳೂ ದೊರೆತವು. ಕಲ್ಲಿದ್ದಲು ಎಣ್ಣೆಗಳಾದರೋ ಇಡೀ ನಾಗರಿಕತೆಯ ಉಸಿರು, ಅವುಗಳ ಒಪ್ಪಂದವನ್ನು ಇದರೊಡನೆ ಹೋಲಿಸುವುದು ನ್ಯಾಯವಲ್ಲ ಎಂಬುದು ಆ ಆಕ್ಷೇಪ. ಹೋಲಿಕೆಯ ಮಿತಿಯನ್ನು ಒಪ್ಪುತ್ತೇನೆ. ಆದರೆ 1987ರಲ್ಲಿ ಬದಲಿ ಅನಿಲಗಳು ಅಂಗಡಿಯಲ್ಲಿ ಸಿದ್ಧವಾಗಿ ಕುಳಿತಿರಲಿಲ್ಲ. ‘ತಕ್ಕದ್ದು’ ಎಂಬ ಪದ ಬಿದ್ದ ಮೇಲೆಯೇ ಕಂಪನಿಗಳು ಅವನ್ನು ಅವಸರದಿಂದ ಮಾರುಕಟ್ಟೆಗೆ ತಂದವು.

1997ರ ಡಿಸೆಂಬರಿನ ಕ್ಯೋಟೊ ಪ್ರೋಟೊಕಾಲ್ ಅದೇ ಪದವನ್ನು ಹವಾಮಾನಕ್ಕೂ ತರಲು ಯತ್ನಿಸಿತು. ಮುಂದುವರಿದ ರಾಷ್ಟ್ರಗಳು ಒಟ್ಟಾಗಿ ತಮ್ಮ ಹೊರಸೂಸುವಿಕೆಯನ್ನು 2008ರಿಂದ 2012ರ ಅವಧಿಯಲ್ಲಿ 1990ರ ಮಟ್ಟಕ್ಕಿಂತ ಶೇಕಡಾ 5.2ರಷ್ಟು ಇಳಿಸಬೇಕಾಗಿತ್ತು. ಗುರಿ ತಪ್ಪಿದವರು ಮುಂದಿನ ಅವಧಿಯಲ್ಲಿ ಕೊರತೆಯ 1.3 ಪಟ್ಟನ್ನು ತುಂಬಿಕೊಡಬೇಕೆಂಬ ಪ್ರಾಯಶ್ಚಿತ್ತವೂ ಇತ್ತು. ಅಮೆರಿಕ ಸಹಿ ಮಾಡಿಯೂ ಅಂಗೀಕರಿಸಲಿಲ್ಲ. ಕೆನಡ ಅಂಗೀಕರಿಸಿತು, ಶೇಕಡಾ 6 ಇಳಿಸುವುದಾಗಿ ಮಾತು ಕೊಟ್ಟಿತು, ಇಳಿಸುವ ಬದಲು ಏರಿಸಿಕೊಂಡಿತು. 2011ರ ಡಿಸೆಂಬರಿನಲ್ಲಿ, ಲೆಕ್ಕ ಒಪ್ಪಿಸುವ ಕಾಲ ಸಮೀಪಿಸಿದಾಗ, ಹೊರಹೋಗುವ ಸೂಚನೆ ಕೊಟ್ಟಿತು. ಹೊರಗೆ ಹೋದವನೊಡನೆ ವ್ಯಾಪಾರವಿಲ್ಲವೆಂಬ ಮಾಂಟ್ರಿಯಲ್ಲಿನ ಅನುಚ್ಛೇದದಂಥದು ಕ್ಯೋಟೊದಲ್ಲಿ ಇರಲಿಲ್ಲ.

ಕ್ಯೋಟೊದ ಇನ್ನೊಂದು ಪ್ರಸಂಗ ನೀತಿಶಾಸ್ತ್ರದ ವಿದ್ಯಾರ್ಥಿಗಳಿಗೆ ಪಾಠಪುಸ್ತಕದಲ್ಲಿ ಇರಬೇಕಾದುದು. ಶ್ರೀಮಂತ ರಾಷ್ಟ್ರ ತನ್ನಲ್ಲಿ ಕಡಿತ ಮಾಡುವ ಬದಲು ಬಡ ರಾಷ್ಟ್ರದಲ್ಲಿ ಆದ ಕಡಿತದ ಪ್ರಮಾಣಪತ್ರವನ್ನು ಕೊಂಡುಕೊಳ್ಳಬಹುದಾಗಿತ್ತು. ಶೈತ್ಯಯಂತ್ರಗಳಿಗೆ ಬೇಕಾದ ಎಚ್.ಸಿ.ಎಫ್.ಸಿ.-22 ಎಂಬ ಅನಿಲವನ್ನು ತಯಾರಿಸುವಾಗ ಎಚ್.ಎಫ್.ಸಿ.-23 ಎಂಬ ಉಪೋತ್ಪನ್ನ ಹೊರಬರುತ್ತದೆ. ಭೂಮಿಯನ್ನು ಕಾಯಿಸುವುದರಲ್ಲಿ ಅದರ ಒಂದು ಟನ್ನು ಇಂಗಾಲಾಮ್ಲದ 11,700 ಟನ್ನಿಗೆ ಸಮವೆಂದು ಲೆಕ್ಕ ಹಾಕಲಾಗಿತ್ತು. ಆದುದರಿಂದ ಒಂದು ಟನ್ನನ್ನು ಸುಟ್ಟುಹಾಕಿದ ಕಾರ್ಖಾನೆಗೆ 11,700 ಪ್ರಮಾಣಪತ್ರ. ಸುಡುವ ಖರ್ಚು ಅತ್ಯಲ್ಪ. ಚೀನದ ಹಾಗೂ ನಮ್ಮ ದೇಶದ ಕೆಲವು ಕಾರ್ಖಾನೆಗಳಿಗೆ ಮುಖ್ಯ ಸರಕಿಗಿಂತ ಈ ಕಸವನ್ನು ಸುಡುವುದರಲ್ಲೇ ಹೆಚ್ಚಿನ ಲಾಭ ಕಾಣತೊಡಗಿತು. ಕಸಕ್ಕೆ ಬೆಲೆ ಬಂದ ಮೇಲೆ ಕಸವನ್ನು ಕಡಿಮೆ ಮಾಡುವ ಆಸೆ ಯಾರಿಗಿರುತ್ತದೆ? ಓಜೋನಿಗೆ ಹಾನಿಕರವೆಂದು ಒಂದು ಒಪ್ಪಂದ ನಿಲ್ಲಿಸಹೊರಟ ಸರಕನ್ನು ಇನ್ನೊಂದು ಒಪ್ಪಂದದ ಹಣ ಪೋಷಿಸಿತು. 2013ರ ಮೇ ತಿಂಗಳಿಂದ ಯುರೋಪಿನ ಒಕ್ಕೂಟ ಈ ಪ್ರಮಾಣಪತ್ರಗಳನ್ನು ತನ್ನಲ್ಲಿ ನಿಷೇಧಿಸಿತು. ಮಾಡದ ಪಾಪದ ಪುಣ್ಯವನ್ನು ಮಾರುವುದಕ್ಕಾಗಿ ಪಾಪದ ಸಾಮಗ್ರಿಯನ್ನು ಕೂಡಿಡುವ ಈ ವ್ಯಾಪಾರಕ್ಕೆ ನಮ್ಮ ಹಳೆಯ ಶಾಸ್ತ್ರಕಾರರು ಯಾವ ಹೆಸರಿಡುತ್ತಿದ್ದರೋ ತಿಳಿಯದು.

ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯ ಕರ್ತೃತ್ವವನ್ನು ನಮ್ಮ ಮಕ್ಕಳು ಪಾಠಶಾಲೆಯಲ್ಲಿಯೇ ಕಲಿಯುತ್ತಾರೆ. ರಾಷ್ಟ್ರಗಳ ಲೆಕ್ಕಪುಸ್ತಕ ಇನ್ನೂ ಮೊದಲನೆಯದನ್ನು ಮಾತ್ರ ಬಲ್ಲದು. ಹೊಗೆ ಎಲ್ಲಿ ಎದ್ದಿತೋ ಆ ದೇಶದ ಖಾತೆಗೆ ಖರ್ಚು. ಆ ಹೊಗೆಯಿಂದ ಆದ ಸರಕನ್ನು ತರಿಸಿಕೊಂಡು ಬಳಸಿದ ದೇಶದ ಖಾತೆ ನಿರ್ಮಲ. ಮಾಡಿಸಿದವನ ಅಂಕಣವೇ ಆ ಪುಸ್ತಕದಲ್ಲಿ ಇಲ್ಲ.

ಮತ್ತೆ ಪ್ಯಾರಿಸ್ಸಿಗೆ ಬರೋಣ. ಆ ಪಾಠದಲ್ಲಿ ‘ತಕ್ಕದ್ದು’ ಇಲ್ಲವೇ ಇಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಪ್ರತಿಯೊಂದು ರಾಷ್ಟ್ರವೂ ತನ್ನ ಕಾಣಿಕೆಯನ್ನು ತಾನೇ ನಿಶ್ಚಯಿಸಿ ಐದು ವರ್ಷಗಳಿಗೊಮ್ಮೆ ತಿಳಿಸತಕ್ಕದ್ದು, ವರದಿ ಒಪ್ಪಿಸತಕ್ಕದ್ದು. ತಿಳಿಸುವುದು ಕಡ್ಡಾಯ, ತಿಳಿಸಿದ್ದನ್ನು ಮಾಡಿ ಮುಗಿಸುವುದು ಅದರ ಉದ್ದೇಶಕ್ಕೆ ಬಿಟ್ಟದ್ದು. ಉಪವಾಸ ಮಾಡುವೆನೆಂದು ಬರೆದುಕೊಡುವುದು ನಿಯಮ, ಉಪವಾಸ ಐಚ್ಛಿಕ! ಇದರಿಂದಾದ ಒಂದು ಲಾಭ, ಬಹುತೇಕ ಎಲ್ಲರೂ ಒಳಗೆ ಬಂದರು ಎಂಬುದು. ಬಂದವರು ನಿಲ್ಲುವರೆಂಬ ಭರವಸೆ ಮಾತ್ರ ಇಲ್ಲ. ಅಮೆರಿಕ 2020ರ ನವೆಂಬರಿನಲ್ಲಿ ಹೊರಗೆ ಹೋಯಿತು, 2021ರ ಫೆಬ್ರವರಿಯಲ್ಲಿ ಮರಳಿತು, 2025ರ ಜನವರಿಯಲ್ಲಿ ಮತ್ತೆ ಹೊರಹೋಗುವ ಸೂಚನೆ ಕೊಟ್ಟಿತು. ಹಣದ ಮಾತೂ ಹೀಗೆಯೇ. 2020ರಿಂದ ವರ್ಷಕ್ಕೆ 100 ಬಿಲಿಯನ್ ಡಾಲರ್ ಒದಗಿಸುವುದಾಗಿ 2009ರಲ್ಲಿ ಕೊಪನ್‌ಹೇಗನ್‌ನಲ್ಲಿ ಕೊಟ್ಟ ಮಾತು, ಕೊಟ್ಟವರ ಲೆಕ್ಕದಂತೆಯೇ, 2022ರಲ್ಲಿ ಮೊದಲ ಬಾರಿಗೆ ಪೂರ್ಣವಾಯಿತು; ಅದರಲ್ಲಿಯೂ ಬಹುಪಾಲು ಸಾಲ. 2024ರ ನವೆಂಬರಿನಲ್ಲಿ ಬಾಕು ನಗರದಲ್ಲಿ 2035ರ ಹೊತ್ತಿಗೆ ವರ್ಷಕ್ಕೆ 300 ಬಿಲಿಯನ್ ಎಂದು ಸುತ್ತಿಗೆ ತಟ್ಟಿದಾಗ ಭಾರತದ ಪ್ರತಿನಿಧಿ ಎದ್ದು ಪ್ರತಿಭಟಿಸಿದರು. ನಿಧಿಯನ್ನು ಯಾರು ಎಷ್ಟೆಷ್ಟು ತುಂಬತಕ್ಕದ್ದೆಂದು ಹೆಸರಿಸದ ವಾಕ್ಯಕ್ಕೆ ಮೊತ್ತ ಎಷ್ಟಿದ್ದರೇನು?

ಆದರೆ ಈ ವಿಮರ್ಶೆಯನ್ನು ಪಶ್ಚಿಮದವರ ಮೇಲೆ ಮಾತ್ರ ಹೊರಿಸಿ ಏಳುವುದು ಪ್ರಾಮಾಣಿಕವಲ್ಲ. 2021ರ ನವೆಂಬರಿನಲ್ಲಿ ಗ್ಲಾಸ್ಗೊ ಸಮ್ಮೇಳನದ ಕೊನೆಯ ಗಳಿಗೆಯಲ್ಲಿ ಕಲ್ಲಿದ್ದಲಿನ ಬಳಕೆಯನ್ನು ‘ಕೊನೆಗಾಣಿಸುವ’ ಎಂಬ ಪದದ ಸ್ಥಾನದಲ್ಲಿ ‘ಇಳಿಸುವ’ ಎಂಬ ಪದವನ್ನು ಸೂಚಿಸಿ ಓದಿದವರು ನಮ್ಮ ದೇಶದ ಸಚಿವರು. ಚೀನ ಜೊತೆಗಿತ್ತು. ಸಮ್ಮೇಳನದ ಅಧ್ಯಕ್ಷರ ಗಂಟಲು ಕಟ್ಟಿತು. ಮುಳುಗುತ್ತಿರುವ ದ್ವೀಪಗಳ ಪ್ರತಿನಿಧಿಗಳು ನೋವನ್ನು ತೋಡಿಕೊಂಡರು. ನಮ್ಮ ಸಮರ್ಥನೆಯಲ್ಲಿ ಹುರುಳಿಲ್ಲವೆಂದಲ್ಲ. ಕಲ್ಲಿದ್ದಲನ್ನು ಹೆಸರಿಸಿ ಎಣ್ಣೆ ಅನಿಲಗಳನ್ನು ಹೆಸರಿಸದ ವಾಕ್ಯ ಶ್ರೀಮಂತರಿಗೆ ಅನುಕೂಲವಾಗಿಯೇ ಇತ್ತು. ಆದರೂ ಪ್ಯಾರಿಸ್ಸಿನಲ್ಲಿ ಅಮೆರಿಕ ಮಾಡಿದ್ದಕ್ಕೂ ಗ್ಲಾಸ್ಗೊದಲ್ಲಿ ನಾವು ಮಾಡಿದ್ದಕ್ಕೂ ವ್ಯಾಕರಣದ ದೃಷ್ಟಿಯಿಂದ ಭೇದವನ್ನು ನಾನು ಕಾಣೆ.

2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಕೊಟ್ಟ ಅಭಿಪ್ರಾಯವನ್ನು ಇಲ್ಲಿ ಸ್ಮರಿಸಬೇಕು. ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು ಆರಂಭಿಸಿ, ವನುವಾಟು ಎಂಬ ಪುಟ್ಟ ರಾಷ್ಟ್ರ ವಿಶ್ವಸಂಸ್ಥೆಗೆ ಒಯ್ದ ಪ್ರಶ್ನೆಗೆ ನ್ಯಾಯಾಧೀಶರೆಲ್ಲರೂ ಒಮ್ಮತದಿಂದ ಉತ್ತರಿಸಿದರು. ರಾಷ್ಟ್ರವೊಂದು ತನ್ನ ಕಾಣಿಕೆಯನ್ನು ತಾನೇ ನಿಶ್ಚಯಿಸುವುದೆಂದರೆ ಮನಬಂದಂತೆ ನಿಶ್ಚಯಿಸುವುದೆಂದಲ್ಲ. ಹಾನಿಯನ್ನು ತಡೆಯಲು ಶಕ್ತಿಮೀರಿ ಎಚ್ಚರ ವಹಿಸುವುದು ಕರ್ತವ್ಯ, ತಪ್ಪಿದರೆ ಹೊಣೆಗಾರಿಕೆ ಉಂಟು. ಅಚ್ಚಿನ ತಪ್ಪೆಂದು ತೆಗೆದುಹಾಕಿದ ಪದವನ್ನು ನ್ಯಾಯಾಲಯ ಹಿಂಬಾಗಿಲಿನಿಂದ ಕರೆತಂದಂತಾಯಿತು. ಅದು ಸಲಹೆಯ ರೂಪದ ಅಭಿಪ್ರಾಯ, ಆಜ್ಞೆಯಲ್ಲ.

ನಮ್ಮ ಸಮಾಜಕ್ಕೂ ಈ ವಿಷಯಕ್ಕೂ ನೇರವಾದ ನಂಟೊಂದಿದೆ. 1990ರ ಅಕ್ಟೋಬರ್ 23ರಂದು, ಪ್ರಸಿದ್ಧ ನ್ಯಾಯವಾದಿ ಎಲ್. ಎಂ. ಸಿಂಘ್ವಿಯವರು ರಚಿಸಿದ ‘ಪ್ರಕೃತಿಯನ್ನು ಕುರಿತ ಜೈನ ಘೋಷಣೆ’ಯನ್ನು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ರಾಜಕುಮಾರ ಫಿಲಿಪ್ಪರಿಗೆ ಸಮರ್ಪಿಸಲಾಯಿತು. ಅಹಿಂಸೆ, ಅನೇಕಾಂತ, ಪರಸ್ಪರೋಪಗ್ರಹ ಇವೆಲ್ಲವೂ ಅದರಲ್ಲಿ ಮನೋಹರವಾಗಿ ನಿರೂಪಿತವಾಗಿವೆ. ವ್ಯಕ್ತಿಯ ವ್ರತಗಳ ವಿವರಣೆಯೂ ಇದೆ. ಅದನ್ನು ನಾನು ಹಲವು ಬಾರಿ ಓದಿದ್ದೇನೆ, ಗೌರವದಿಂದಲೇ ಓದಿದ್ದೇನೆ. ಆದರೆ ಸಂಘವಾಗಿ, ಸಂಸ್ಥೆಯಾಗಿ, ಯಾವ ಟ್ರಸ್ಟು ಯಾವುದನ್ನು ಯಾವ ವರ್ಷದೊಳಗೆ ಮಾಡತಕ್ಕದ್ದು ಎಂಬ ವಾಕ್ಯವನ್ನು ಅದರಲ್ಲಿ ಹುಡುಕಿದವರಿಗೆ ಅದು ಸಿಗುವುದಿಲ್ಲ. ವಿಶ್ವಸನದಿನ ಬಗ್ಗೆ ಆಡಿದ ಮಾತನ್ನು ಇದರ ಬಗ್ಗೆ ಆಡದಿದ್ದರೆ ಪಕ್ಷಪಾತವಾಗುತ್ತದೆ.

ಮಾಂಟ್ರಿಯಲ್ಲಿನ ಪ್ರೋಟೊಕಾಲ್ ತನ್ನ ತಪ್ಪನ್ನೂ ತಾನೇ ತಿದ್ದಿಕೊಳ್ಳುತ್ತಿದೆ. ಹಳೆಯ ಅನಿಲಗಳ ಬದಲಿಗೆ ಬಂದ ಎಚ್.ಎಫ್.ಸಿ.ಗಳು ಓಜೋನನ್ನು ಮುಟ್ಟುವುದಿಲ್ಲ, ಭೂಮಿಯನ್ನು ಮಾತ್ರ ಬಲವಾಗಿ ಕಾಯಿಸುತ್ತವೆ. ಇವನ್ನೂ ಇಳಿಸಲು 2016ರಲ್ಲಿ ಕಿಗಾಲಿಯಲ್ಲಿ ತಿದ್ದುಪಡಿಯಾಯಿತು. ಭಾರತ 2021ರಲ್ಲಿ ಅಂಗೀಕರಿಸಿತು. ನಮ್ಮ ಪಾಲಿಗೆ 2024ರಿಂದ 2026ರವರೆಗಿನ ಬಳಕೆ ಲೆಕ್ಕದ ಅಡಿಗಲ್ಲು, 2028ರಲ್ಲಿ ತಡೆ, 2047ಕ್ಕೆ ಶೇಕಡಾ 85 ಕಡಿತ. ಅಡಿಗಲ್ಲನ್ನು ಮುಂಬರುವ ವರ್ಷಗಳಲ್ಲಿ ಇಟ್ಟರೆ ಆ ವರ್ಷಗಳಲ್ಲಿ ಬಳಕೆಯನ್ನು ಉಬ್ಬಿಸುವ ಆಸೆ ಹುಟ್ಟುತ್ತದೆಂಬ ದೋಷ ಇದರಲ್ಲಿಯೂ ಇದೆ. ಇನ್ನೊಂದು ದೋಷ ಮೂಲದಿಂದಲೇ ಬಂದುದು. ಪ್ರೋಟೊಕಾಲ್ ನಿಯಂತ್ರಿಸುವುದು ಉತ್ಪಾದನೆಯನ್ನು, ಆಮದು ರಫ್ತುಗಳನ್ನು. ಈಗಾಗಲೇ ಯಂತ್ರಗಳೊಳಗೆ ತುಂಬಿರುವ ಅನಿಲದ ಕೊನೆ ಏನಾಗಬೇಕೆಂಬುದು ಅದರ ಆಜ್ಞೆಗಳ ಹೊರಗೇ ಉಳಿದಿದೆ.

ಆ ಅನಿಲ ಎಲ್ಲಿದೆಯೆಂದರೆ ನಮ್ಮ ಯಾತ್ರಿನಿವಾಸಗಳ ಗೋಡೆಗಳ ಮೇಲಿದೆ. ನಾನು ಸದಸ್ಯನಾಗಿರುವ ಒಂದು ಕ್ಷೇತ್ರದ ಸಮಿತಿಯವರು ಹೋದ ವರ್ಷ ನಾಲ್ಕು ಹವಾನಿಯಂತ್ರಕಗಳನ್ನು ಹಳೆಯ ಕಟ್ಟಡದಿಂದ ಹೊಸದಕ್ಕೆ ಸಾಗಿಸಿದರು. ಬಂದ ಕೆಲಸಗಾರ ಮರದ ನೆರಳಿನಲ್ಲಿ ಕುಳಿತು ಒಂದೊಂದರ ಕೊಳವೆಯನ್ನೂ ಬಿಚ್ಚಿದ. ಹಿಸ್ಸೆಂಬ ಸದ್ದು ಕೆಲವು ನಿಮಿಷ ಕೇಳಿತು, ನಿಂತಿತು. ಹೊಸ ಅನಿಲ ತುಂಬಿದ್ದಕ್ಕೆ ಪಾವತಿ ಬಂದಿತು, ಹಣ ಸಂದಾಯವಾಯಿತು. ಮುಂದಿನ ಸಭೆಗೆ ನಾನೊಂದು ಠರಾವಿನ ಕರಡನ್ನು ಒಯ್ದೆ: ನಿರ್ವಹಣೆಯ ಗುತ್ತಿಗೆಯಲ್ಲಿ, ಯಂತ್ರದ ಅನಿಲವನ್ನು ಗಾಳಿಗೆ ಬಿಡತಕ್ಕದ್ದಲ್ಲ, ಸಿಲಿಂಡರಿಗೆ ತುಂಬಿಕೊಂಡು ಒಯ್ಯತಕ್ಕದ್ದು ಎಂಬ ಷರತ್ತನ್ನು ಸೇರಿಸಬೇಕು ಎಂದು. ಯಾರೂ ವಿರೋಧಿಸಲಿಲ್ಲ. ಹಿರಿಯರೊಬ್ಬರು ಮಾತ್ರ, ‘ಹಾಗೆ ಬರೆದರೆ ನಾಳೆ ಆಡಿಟಿನವರು ಕೇಳಿದರೆ ಉತ್ತರ ಹೇಳುವವರು ಯಾರು ಸ್ವಾಮಿ?’ ಎಂದರು. ಸ್ವಲ್ಪ ಚರ್ಚೆಯಾಯಿತು. ಠರಾವು ಪುಸ್ತಕದಲ್ಲಿ ಈಗ ಇರುವ ಪಾಠ ಹೀಗಿದೆ: ‘ಯಂತ್ರಗಳ ಅನಿಲದ ವಿಷಯದಲ್ಲಿ ಸಂಬಂಧಪಟ್ಟವರು ಸಾಧ್ಯವಾದಷ್ಟು ಜಾಗ್ರತೆ ವಹಿಸುವುದು ಉಚಿತವೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಕೆಳಗೆ ಹನ್ನೊಂದು ಸಹಿಗಳಿವೆ, ಏಳನೆಯದು ನನ್ನದು.